ಅಣ್ಣನ ಕೈ ತಮ್ಮನಿಗೆ: ಗುಬ್ಬಿಯ ಭೀಮನಿಗೆ ಕುಣಿಗಲ್ ಹುಡುಗನ ಚಿಕಿತ್ಸೆ

ಮಹಾಲಯ ಅಮಾವಾಸ್ಯೆ ಕಳೆಯಿತೋ ಇಲ್ಲವೋ, ನಮ್ಮ ಕಡೆಯ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತವೆ. ಹಳೇ ಪಂಚೆ, ಹಳೇ ಸೀರೆ, ಮಾಸಿದ ದಿನಪತ್ರಿಕೆ ಬಿಚ್ಚಿದರೆ ಒಳಗಿನ ರಾಮ, ಕೃಷ್ಣ, ಅಕ್ಕಿ ಬೇಳೆ ಮುಂದಿಟ್ಟುಕೊಂಡ ಶೆಟ್ಟರು, ಶೆಟ್ಟರ ಹೆಂಡತಿ, ಪೊಲೀಸು, ಹಾವಾಡಿಗ ಎಲ್ಲರೂ ಒಂದು ವರ್ಷದ ನಿದ್ದೆ ಮುಗಿಸಿ ಎದ್ದು ಕೂರುತ್ತಾರೆ. ಕಳೆದ ದಸರಾದಲ್ಲಿ ಗುಬ್ಬಿಯ ನಮ್ಮ ತಾಯಿಯವರ ಟ್ರಂಕು ಬಿಚ್ಚಿದಾಗ ಭೀಮಸೇನ ಮಾತ್ರ ಏಳಲಿಲ್ಲ. ಬಲಗೈ ಮೊಣಕೈ ಹತ್ತಿರ ಮುರಿದಿತ್ತು. ಗದೆ ನಾಲ್ಕು ಚೂರು. ಮೂಗಿನ ತುದಿ ನಾಪತ್ತೆ.

'ಭಿನ್ನ ಆದದ್ದು ಮನೇಲಿ ಇರಬಾರದು ಕಣೋ, ಅರಳಿಕಟ್ಟೆ ಹತ್ರ ಇಟ್ಟು ಬಂದ್ಬಿಡು' ಎಂದರು ಅಮ್ಮ. ಬಾಯಿ ಹಾಗೆ ಹೇಳಿತು. ಕೈ ಮಾತ್ರ ಗೊಂಬೆ ಬಿಡಲಿಲ್ಲ. ಪಾಂಡವರು ಐವರು, ಎದುರಿಗೆ ನಿಲ್ಲಿಸಲಿಕ್ಕೆ ದುರ್ಯೋಧನ ಒಬ್ಬ, ಹೀಗೆ ಆರು ಮಣ್ಣಿನ ಗೊಂಬೆ ಅವರ ಮದುವೆಯಲ್ಲಿ ಪಟ್ಟದ ಗೊಂಬೆಯ ಜೊತೆ ತವರಿನಿಂದ ಬಂದವು. ಭೀಮನಿಲ್ಲದ ಪಾಂಡವರಿಗೆ ಯಾವ ದುರ್ಯೋಧನ ಹೆದರುತ್ತಾನೆ ಹೇಳಿ.

ಇದರಲ್ಲಿ ಊರಿನ ಪಾತ್ರವೂ ಇದೆ. ಗುಬ್ಬಿ ಎಂದರೆ ನಾಟಕ. 1884ರಲ್ಲಿ ಹುಟ್ಟಿದ ಕಂಪನಿ, ಅದನ್ನು ನಾಡಿಗೆಲ್ಲ ಕೊಂಡೊಯ್ದ ವೀರಣ್ಣನವರು (1891-1972), 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದ ಕಥೆ, ಇವೆಲ್ಲ ಅಲ್ಲಿನವರಿಗೆ ಅನ್ನದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ. ಅಮ್ಮನ ಭೀಮ ಪುಸ್ತಕದ ಭೀಮನಲ್ಲ, ಕಂಪನಿ ಭೀಮ. ಉಬ್ಬಿದ ಎದೆ, ಕೆನ್ನೆಯ ಅರ್ಧಕ್ಕೆ ಬರುವ ಮೀಸೆ, ಬೇಗಡೆ ಅಂಟಿಸಿದ ಕಿರೀಟ. ಚಿಕ್ಕಂದಿನಲ್ಲಿ ಚಾಪೆಯ ಮೇಲೆ ಕೂತು ನೋಡಿದ ಮುಖ ಅದು. ಅರಳಿಕಟ್ಟೆಗೆ ಹೇಗೆ ಬಿಟ್ಟುಬಂದಾರು?

ಸರಿ, ಟವೆಲ್ಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ತುಮಕೂರು ಬಸ್ಸು ಹತ್ತಿದೆ. ಗುಬ್ಬಿಯಿಂದ 20 ಕಿಲೋಮೀಟರ್. ಪ್ರತಿ ಹಂಪಿಗೂ ಚೀಲವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದ ನನ್ನನ್ನು ನೋಡಿ ಪಕ್ಕದವರೊಬ್ಬರು 'ಏನ್ ಸ್ವಾಮಿ, ಮೊಟ್ಟೆನಾ?' ಎಂದರು. 'ಭೀಮ' ಎಂದೆ. ಅವರು ಆಮೇಲೆ ನನ್ನ ಕಡೆ ತಿರುಗಲಿಲ್ಲ.

ಚಿಕ್ಕಪೇಟೆ ಸುತ್ತಮುತ್ತ ಕೇಳಿದ್ದಾಯಿತು. ಎಲ್ಲ ಕಡೆ ಒಂದೇ ಉತ್ತರ: 'ರಿಪೇರಿ ಇಲ್ಲ ಸಾರ್, ಹೊಸ ಸೆಟ್ಟೇ ತಗೊಳ್ಳಿ.' ತಮಿಳುನಾಡಿನಿಂದ ಲಾರಿಯಲ್ಲಿ ಬಂದ ಸೆಟ್ಟುಗಳು, ಥಳಥಳ ಹೊಳೆಯುತ್ತವೆ. ಎತ್ತಿ ನೋಡಿದೆ, ತಳ ಬೆಳ್ಳಗಿತ್ತು, ಪ್ಲಾಸ್ಟರ್. ಅಂಗಡಿಯವರನ್ನು ದೂರುವ ಹಾಗೂ ಇಲ್ಲ. ಒಂದು ಕೈಗೋಸ್ಕರ ಎರಡು ದಿನ ಕೂರುವವರು ಯಾರು, ಕೂತರೆ ಕೂಲಿ ಕೊಡುವವರು ಯಾರು? ಸೆಟ್ಟು ಮಾರಿದರೆ ಐದು ನಿಮಿಷದ ವ್ಯವಹಾರ.

ಭೀಮನನ್ನು ಹಿಡಿದುಕೊಂಡೇ ಮನೆಗೆ ಬಂದೆ. ಅಲ್ಲಿ ನನ್ನ ತಂಗಿಯ ಮಗ ಕೂತಿದ್ದ. ಕುಣಿಗಲ್‌ನವನು, ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾ ನಮ್ಮ ಮಹಡಿಯ ರೂಮಿನಲ್ಲಿದ್ದಾನೆ. ಅವನ ಮೇಜಿನ ಮೇಲೆ ಪುಸ್ತಕಕ್ಕಿಂತ ರಾಕ್ಷಸರು ಹೆಚ್ಚು. ಅಂಗುಲಕ್ಕಿಂತ ಚೂರು ಎತ್ತರದ ಪ್ಲಾಸ್ಟಿಕ್ ರಾಕ್ಷಸರು, ಹಸಿರು ಮೈ, ಹೊರಗೆ ಬಂದ ಹಲ್ಲು, ಕೈಯಲ್ಲಿ ಕೊಡಲಿ. 'ಇದೇನೋ ಹುಡುಗಾಟ' ಎಂದು ನಾನು ಎಷ್ಟೋ ಸಲ ಬೈದದ್ದುಂಟು.

ಹುಡುಗಾಟ ಏನೆಂದು ಅವತ್ತು ಕೇಳಿ ತಿಳಿದುಕೊಂಡೆ. ಅಮೆರಿಕದಲ್ಲಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟ ಬಂತು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ 1983ರಲ್ಲಿ 'ವಾರ್‌ಹ್ಯಾಮರ್' ತಂದಿತು. ಇಬ್ಬರು ಎದುರುಬದುರು ಕೂತು ಮೇಜಿನ ಮೇಲೆ ಸೈನ್ಯ ನಿಲ್ಲಿಸಿ, ಟೇಪಿನಲ್ಲಿ ಅಂಗುಲ ಅಳೆದು ನಡೆಸಿ, ದಾಳ ಉರುಳಿಸಿ ಹೊಡೆದಾಡುವುದು. ನಮ್ಮ ಚದುರಂಗಕ್ಕೂ ಪಗಡೆಗೂ ಮದುವೆ ಮಾಡಿದ ಹಾಗೆ. (ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟ ಕಟ್ಟಿ ಆಡಿಸುತ್ತಿದ್ದರು. ಇದನ್ನು ಕಂಡಿದ್ದರೆ ಅವರಿಗೆ ಖುಷಿಯಾಗುತ್ತಿತ್ತು.) ಸೈನಿಕರು ಬಣ್ಣವಿಲ್ಲದೆ, ಕೈಕಾಲು ಬಿಡಿಬಿಡಿಯಾಗಿ ಬರುತ್ತಾರೆ. ಕತ್ತರಿಸಿ, ಅಂಟಿಸಿ, ಬಣ್ಣ ಬಳಿಯುವುದು ಆಡುವವನ ಕೆಲಸ. ಒಬ್ಬನ ತಲೆ ಇನ್ನೊಬ್ಬನಿಗೆ, ಇವನ ಕತ್ತಿ ಅವನಿಗೆ ಜೋಡಿಸಿ ಹೊಸಬನನ್ನು ಮಾಡುವುದಕ್ಕೆ ಅವರಲ್ಲಿ 'ಕನ್ವರ್ಷನ್' ಎನ್ನುತ್ತಾರಂತೆ.

'ಅದೇನು ದೊಡ್ಡ ವಿಷಯ' ಎಂದೆ. 'ಮನುಷ್ಯನ ಮೈಗೆ ಸಿಂಹದ ತಲೆ ಇಟ್ಟರೆ ನರಸಿಂಹ. ನಮ್ಮ ಗಣಪತಿಯ ತಲೆ ಬದಲಾಯಿಸಿದ್ದು ಯಾವಾಗ? ನಿನ್ನ ಇಂಗ್ಲೆಂಡಿನವರು ಆಗ ಎಲ್ಲಿದ್ದರು?'

ಹುಡುಗ ನಕ್ಕ. ಟವೆಲ್ಲು ಬಿಚ್ಚಿ ಭೀಮನನ್ನು ತಿರುಗಿಸಿ ತಿರುಗಿಸಿ ನೋಡಿದ. 'ಮಾಮ, ಕೈ ಹೊಸದಾಗಿ ಮಾಡಬಹುದು, ಆದರೆ ಬೆರಳು ಕಷ್ಟ. ಎಲ್ಲಾದರೂ ಗದೆ ಹಿಡಿದ ಕೈ ಸಿಗುತ್ತಾ ನೋಡಿ.'

ಗದೆ ಹಿಡಿದ ಕೈ! ಅಮ್ಮನ ಟ್ರಂಕಿನ ತಳದಲ್ಲಿ ಒಬ್ಬ ಆಂಜನೇಯ ಬಿದ್ದಿದ್ದ. ಎರಡು ವರ್ಷದ ಹಿಂದೆ ಕಾಲು, ಬಾಲ ಎರಡೂ ಪುಡಿಯಾದ ಪ್ಲಾಸ್ಟರ್ ಗೊಂಬೆ. ಆದರೆ ಅವನ ಕೈ ಕತ್ತರಿಸುವುದೆಂದರೆ? ನನಗೇ ಬಾಯಿ ಬರಲಿಲ್ಲ. ಹುಡುಗನೇ ಭಾನುವಾರ ಗುಬ್ಬಿಗೆ ಹೋಗಿ ಕೇಳಿದ. ಅಮ್ಮ ಅರ್ಧ ಗಂಟೆ ಮಾತಾಡಲಿಲ್ಲವಂತೆ. ಪೂಜೆ ಮಾಡಿದ ಮೂರ್ತಿ ಬೇರೆ, ಗೊಂಬೆ ಬೇರೆ ಎಂದು ಇವನು ವಾದಿಸಿದ್ದೂ ನಾಟಲಿಲ್ಲ. ಕೊನೆಗೆ ಕಾಫಿ ಲೋಟ ಕೈಗಿಡುತ್ತಾ ಅವರೇ ಹೇಳಿದರಂತೆ: 'ಇಬ್ಬರೂ ವಾಯುಪುತ್ರರೇ ತಾನೆ. ಅಣ್ಣನ ಕೈ ತಮ್ಮನಿಗೆ ಬಂದ್ರೆ ತಪ್ಪೇನಿಲ್ಲ, ತಗೊಂಡು ಹೋಗು. ಆದರೆ ಭೀಮನ ಕಣ್ಣು ಮುಟ್ಟಬೇಡ. ಅದು ನನ್ನನ್ನ ಮದುವೆ ದಿನದಿಂದ ನೋಡಿದ ಕಣ್ಣು.'

ಮುಂದಿನ ನಾಲ್ಕು ಸಂಜೆ ನಾನು ಟಿ.ವಿ. ಬಿಟ್ಟು ಅವನ ರೂಮಿನಲ್ಲಿ ಕೂತೆ. ಮೊದಲು ಮುರಿದ ಜಾಗಕ್ಕೆ ನೀರು ಬೆರೆಸಿದ ಫೆವಿಕಾಲ್ ಕುಡಿಸಿದ, ಹಳೇ ಮಣ್ಣು ಪುಡಿ ಉದುರದ ಹಾಗೆ. ಒಣಗಿದ ಮೇಲೆ ಕಡ್ಡಿಯಷ್ಟು ಸಣ್ಣ ಕೈಡ್ರಿಲ್‌ನಿಂದ ಎರಡೂ ಕಡೆ ತೂತು ಹಾಕಿ, ನಡುವೆ ತಂತಿಯ ತುಂಡು ಸೇರಿಸಿದ. ಬರೀ ಅಂಟು ನಂಬಿದರೆ ಗದೆಯ ಭಾರಕ್ಕೆ ಮತ್ತೆ ಕಳಚುತ್ತದೆ, ಒಳಗೆ ಮೂಳೆ ಬೇಕು ಎಂದ. ಆಂಜನೇಯನ ಕೈ ಭೀಮನ ಮೈಗೆ ಗಿಡ್ಡವಾಯಿತು. ಆ ಅಂತರವನ್ನು ಎಂ-ಸೀಲ್‌ನಲ್ಲಿ ತುಂಬಿ, ಅದು ಗಟ್ಟಿಯಾಗುವ ಮುಂಚೆ ಒದ್ದೆ ಮಾಡಿದ ಹಲ್ಲುಕಡ್ಡಿಯಲ್ಲಿ ತೋಳಿನ ಮಾಂಸ, ತೋಳಬಂದಿಯ ಗೆರೆ ಎಲ್ಲ ತೀಡಿದ. ಮೂಗು ಎರಡು ಸಲ ಕೆಟ್ಟಿತು. ಮೊದಲನೆಯದು ಗಿಣಿಮೂಗು, ಎರಡನೆಯದು ನಮ್ಮ ಪಕ್ಕದ ಮನೆಯವರ ಮೂಗು. ಮೂರನೆಯದು ನಿಂತಿತು.

ಮಾರನೆಯ ದಿನ ಉಪ್ಪು ಕಾಗದದಲ್ಲಿ ತಿಕ್ಕಿ, ಸೀಮೆಸುಣ್ಣದ ಪುಡಿಗೆ ಅಂಟು ಬೆರೆಸಿ ಬಿಳಿ ಪದರ ಕೊಟ್ಟ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಗೊಂಬೆಯ ಕೆಲಸಕ್ಕೆ ಹುಣಸೆ ಬೀಜದ ಅಂಟು ಬಳಸುತ್ತಾರೆಂದು ನಾನು ಹೇಳಿದೆ. ತುಮಕೂರಿನ ಮಂಡಿಯವರಿಗೆ ಹುಣಸೆ ಹೇಳಿಕೊಡಬೇಕೆ! ಮುಂದಿನ ಸಲ ಅದನ್ನೇ ಅರೆದು ನೋಡುವ ಎಂದು ಮಾತಾಗಿದೆ.

ಬಣ್ಣದ ವಿಷಯ ಮಾತ್ರ ಸುಲಭದ್ದಲ್ಲ. ಹಳೇ ಮೈ ಹೊಗೆ ಹಿಡಿದ ಗೋಧಿ ಬಣ್ಣ, ಹೊಸ ಕೈ ಮದುಮಗನ ಬಣ್ಣ. ತಗಡಿನ ಚೂರಿನ ಮೇಲೆ ಐದು ಸಲ ಬೆರೆಸಿ ನೋಡಿದ. ಮೊದಲು ಒಂದೇ ಬಣ್ಣ, ಆಮೇಲೆ ತೆಳ್ಳಗೆ ಮಾಡಿದ ಕಂದು ನೀರನ್ನು ಹರಿಬಿಟ್ಟರೆ ಅದು ತಾನಾಗಿ ಹಳ್ಳದಲ್ಲಿ ನಿಲ್ಲುತ್ತದೆ. ಒಣಗಿದ ಬ್ರಷ್ಷಿನ ತುದಿಗೆ ತಿಳಿಬಣ್ಣ ತಾಗಿಸಿ ಉಬ್ಬಿನ ಮೇಲೆ ಸವರಿದರೆ ಮಾಂಸ ಎದ್ದು ಕಾಣುತ್ತದೆ. ರಾಕ್ಷಸರಿಗೂ ಹೀಗೇ ಮಾಡುತ್ತಾನಂತೆ. ಕಂಪನಿ ನಾಟಕದ ಬಣ್ಣದವರು ದೀಪದ ಬೆಳಕಿಗೆ ಮುಖ ತಿದ್ದುತ್ತಿದ್ದದ್ದೂ ಇದೇ ಉಪಾಯದಿಂದ: ತಗ್ಗಿಗೆ ಕಪ್ಪು, ಉಬ್ಬಿಗೆ ಬಿಳುಪು. ಕೊನೆಗೆ ಹೊಳಪಿಲ್ಲದ ವಾರ್ನಿಷ್. ಕಣ್ಣಿನ ಮೇಲೆ ಸಣ್ಣ ಕಾಗದ ಅಂಟಿಸಿಕೊಂಡೇ ಇಷ್ಟೂ ಕೆಲಸ ಮಾಡಿದ.

ಅವನಿಗೆ ಇಷ್ಟೊಂದು ಕಣ್ಣು ಎಲ್ಲಿಂದ ಬಂತು? ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರು ಕುಣಿಗಲ್. ಚಿಕ್ಕಂದಿನಲ್ಲಿ ಕುದುರೆ ನೋಡಿಕೊಂಡೇ ಬೆಳೆದವನು. ಹೊಸ ಸೆಟ್ಟಿನ ಅರ್ಜುನನ ರಥ ತೋರಿಸಿದರೆ 'ಮಾಮ, ಇದು ಕುದುರೆ ಕಾಲಲ್ಲ, ನಾಯಿ ಕಾಲು' ಎಂದು ತಳ್ಳಿಬಿಟ್ಟ.

ಚಿಕ್ಕಪೇಟೆಯ ಅಂಗಡಿಯವರಿಗೆ ಈ ಅಂಕಣದ ಒಂದು ವ್ಯಾಪಾರದ ಮಾತು. ಇಂಥ ಕೈಗಳು ತುಮಕೂರಿನ ಕಾಲೇಜು, ಹಾಸ್ಟೆಲ್ಲುಗಳಲ್ಲಿ ಇನ್ನೂ ಇರಲೇಬೇಕು. ಭಾದ್ರಪದದಲ್ಲೇ ಬಾಗಿಲಿಗೆ 'ಗೊಂಬೆ ರಿಪೇರಿಗೆ ತೆಗೆದುಕೊಳ್ಳಲಾಗುವುದು' ಎಂದು ಬೋರ್ಡು ಹಾಕಿ, ಹುಡುಗರಿಗೆ ಕೊಟ್ಟು ಮಾಡಿಸಿ, ನಿಮ್ಮ ಪಾಲು ನೀವು ಇಟ್ಟುಕೊಳ್ಳಿ. ರಿಪೇರಿಗೆ ಬಂದವರು ಒಂದೆರಡು ಹೊಸ ಗೊಂಬೆ ಕೊಳ್ಳದೆ ಹೋಗುತ್ತಾರೆಯೇ? ಬಸ್ಸಿನಲ್ಲಿ ತರುವವರಿಗೂ ಒಂದು ಮಾತು: ಮಣ್ಣಿನ ಗೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣ ಬ್ರಷ್ಷು ಸಾಕು. ಮುರಿದ ಚೂರು ಎಷ್ಟೇ ಸಣ್ಣದಿರಲಿ ಬಿಸಾಡಬೇಡಿ, ಪೊಟ್ಟಣ ಕಟ್ಟಿ ಗೊಂಬೆಯ ಜೊತೆಗೇ ಇಡಿ. ನಮ್ಮ ಭೀಮನ ಮೂಗು ಸಿಕ್ಕಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಪಂಚಮಿಯ ಹೊತ್ತಿಗೆ ಭೀಮ ಗುಬ್ಬಿ ತಲುಪಿದ. ರಾಗಿ ಮೊಳಕೆ ಬರಿಸಿದ ಹಸಿರು ಪಾರ್ಕಿನ ಹಿಂದೆ, ಮೂರನೇ ಮೆಟ್ಟಿಲಿನಲ್ಲಿ ನಿಂತ. ಹತ್ತಿರದಿಂದ ನೋಡಿದರೆ ಬಲಗೈ ಒಂದು ಚೂರು ದಪ್ಪ, ಮುಂಗೈ ಮೇಲೆ ಆಂಜನೇಯನ ಕೂದಲಿನ ಗೆರೆ ಇನ್ನೂ ಕಾಣುತ್ತದೆ. ಚರ್ಪು ಇಸ್ಕೊಳ್ಳಲು ಬಂದ ಬೀದಿಯ ಮಕ್ಕಳಿಗೆಲ್ಲ ಅಮ್ಮ ಅದನ್ನೇ ತೋರಿಸಿ ತೋರಿಸಿ ಕಥೆ ಹೇಳಿದರು.

ವಿಜಯದಶಮಿ ರಾತ್ರಿ ಗೊಂಬೆ ಮಲಗಿಸುವಾಗ ಹುಡುಗ ದುರ್ಯೋಧನನನ್ನು ಎತ್ತಿ ದೀಪಕ್ಕೆ ಹಿಡಿದ. 'ಅಜ್ಜಿ, ಇವನ ತೊಡೆ ಬಿರುಕು ಬಿಟ್ಟಿದೆ, ಮುಂದಿನ ವರ್ಷ ಸರಿಮಾಡ್ತೀನಿ.'

'ಅದನ್ನ ಮುಟ್ಟಬೇಡ' ಎಂದರು ಅಮ್ಮ. 'ಅದು ಹಾಗೇ ಇರಬೇಕು.'