ಅರ್ಧ ಮಿಲಿಮೀಟರಿನ ತಕರಾರು

ಆರ್‌ಎಕ್ಸ್ 100ರ ಹೆಸರಿನಲ್ಲಿ ನೂರಿದೆ, ಇಂಜಿನ್ನಿನಲ್ಲಿ ಇಲ್ಲ. ಸಿಲಿಂಡರಿನ ಬೋರ್ 50 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 50 ಮಿಲಿಮೀಟರ್. ಲೆಕ್ಕ ಹಾಕಿದರೆ 98.17 ಸಿಸಿ. 1985ರಿಂದ 1996ರವರೆಗೆ ತಯಾರಾದ ಈ ಯಮಹಾ ಗಾಡಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಕಡೆ ಇನ್ನೂ ಸತ್ತಿಲ್ಲ. ಚಿಕ್ಕಪಡಸಲಗಿಯಲ್ಲಿ ಕೃಷ್ಣೆ ದಾಟುವ ರಸ್ತೆಯಲ್ಲಿ ಒಂದು ಹಾದುಹೋದರೆ, ಕಬ್ಬಿನ ಗದ್ದೆಯೊಳಗಿದ್ದವರು ತಲೆ ಎತ್ತದೆ ಸದ್ದಿನಿಂದಲೇ ಹೆಸರು ಹೇಳುತ್ತಾರೆ. ಸಿಲಿಂಡರ್ ಸವೆದಾಗ ಮಿಸ್ತ್ರಿ ಬೋರಿಂಗ್ ಮಾಡಿಸುತ್ತಾನೆ. ಮೊದಲ ಸಲ ಪಾಯಿಂಟ್ ಇಪ್ಪತ್ತೈದು, ಆಮೇಲೆ ಪಾಯಿಂಟ್ ಐವತ್ತು. ಮೊದಲನೆಯದಕ್ಕೆ ಇಂಜಿನ್ 99.16 ಸಿಸಿ ಆಗುತ್ತದೆ. ಎರಡನೆಯದಕ್ಕೆ 100.15.

ರಸ್ತೆಯ ಮೇಲೆ ಇದನ್ನು ಕೇಳುವವರಿಲ್ಲ. ಆದರೆ ರೇಸಿನ ನಿಯಮದಲ್ಲಿ ‘100 ಸಿಸಿ ಮೀರಬಾರದು’ ಎಂದಷ್ಟೇ ಬರೆದಿದೆ ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ಓವರ್‌ಸೈಜ್ ಪಿಸ್ಟನ್, ಎಲ್ಲ ಗ್ಯಾರೇಜಿನಲ್ಲೂ ನಡೆಯುವ ರಿಪೇರಿ, ಕಳ್ಳತನದ ಉದ್ದೇಶವೇ ಇಲ್ಲ. ಆದರೂ ಅರ್ಧ ಮಿಲಿಮೀಟರಿನ ಬೋರಿಂಗಿನಿಂದ ಗಾಡಿ ವರ್ಗದ ಹೊರಗೆ ಬಿತ್ತು. ಸವಾರನ ಅಂಕ ಹೋಗಬೇಕೇ? ಹೋಗಬೇಕು ಎಂದರೆ ಹಳೆಯ ಗಾಡಿಯ ಬಡ ಹುಡುಗ ಮನೆಗೆ ಹೋಗುತ್ತಾನೆ. ಬೇಡ ಎಂದರೆ ಮುಂದಿನ ವಾರ ಮತ್ತೊಬ್ಬ ಒಂದು ಮಿಲಿಮೀಟರ್ ಕೊರೆಸಿ, 102 ಸಿಸಿ ಮಾಡಿಕೊಂಡು ಬಂದು ‘ನನ್ನದೂ ರಿಪೇರಿಯೇ’ ಎನ್ನುತ್ತಾನೆ.

ಶೋರೂಮಿನಲ್ಲಿ ಮಾರುವ ಬೈಕುಗಳನ್ನೇ ಓಡಿಸುವ ವರ್ಗಗಳ ಜಗಳವೆಲ್ಲ ಹೆಚ್ಚುಕಡಿಮೆ ಇದೇ ಜಾತಿಯದು. ಚೆನ್ನೈ ಹತ್ತಿರ ಇರುಂಗಾಟುಕೋಟ್ಟೈನ 3.717 ಕಿಲೋಮೀಟರ್ ಟ್ರ್ಯಾಕಿನಲ್ಲಿ ನಡೆಯುವ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಪ್ರೊ-ಸ್ಟಾಕ್ 165 ಸಿಸಿ, 301-400 ಸಿಸಿ ವರ್ಗಗಳು ಈ ಪೈಕಿ. ಮೋಟೊಜಿಪಿಯಂಥ ಕಡೆ ಇಂಜಿನಿಯರ್ ನಿಯಮ ಓದುವ ರೀತಿ ಬೇರೆ: ಬೇಡ ಎನ್ನದಿದ್ದರೆ ಮಾಡು. ಉತ್ಪಾದನಾ ವರ್ಗದಲ್ಲಿ ತಿರುವುಮುರುವು: ಮಾಡು ಎನ್ನದಿದ್ದರೆ ಮುಟ್ಟಬೇಡ. ಪುಸ್ತಕ ಮೌನವಾಗಿದ್ದರೆ ಆ ಮೌನವೇ ‘ಇಲ್ಲ’. ಸರ್ಕಾರದ ಹಣಕ್ಕೆ ಕಾಯದೆ 1989ರಲ್ಲಿ ತಾವೇ ದುಡ್ಡು ಹಾಕಿ, ಮೈಮುರಿದು ಶ್ರಮಬಿಂದು ಸಾಗರ ಕಟ್ಟಿದ ಚಿಕ್ಕಪಡಸಲಗಿಯ ಸುತ್ತಿನ ರೈತರಿಗೆ ಈ ಎರಡನೆಯ ಓದು ಒಗ್ಗುವುದು ಕಷ್ಟ ಎಂದು ನನ್ನ ಅನುಮಾನ.

ಮೈಸೂರಿನ ಸೋಮೇಂದರ್ ಸಿಂಗ್ ಅವರದು ಒಳ್ಳೆಯ ಉದಾಹರಣೆ. ರೇಸರ್, ಟ್ಯೂನರ್ ಆಗಿದ್ದ ಇವರು ಸಿಲಿಂಡರ್ ಹೆಡ್ಡಿನ ಅಂಚಿನ ಸಪಾಟು ಭಾಗದಲ್ಲಿ ಸಣ್ಣ ಕಾಲುವೆಗಳನ್ನು ಕೊರೆದರೆ ಗಾಳಿ-ಪೆಟ್ರೋಲಿನ ಮಿಶ್ರಣ ಚೆನ್ನಾಗಿ ಕದಡಿ ಉರಿಯುತ್ತದೆ ಎಂದು ಪ್ರತಿಪಾದಿಸಿ, 2001ರಲ್ಲಿ ಅಮೆರಿಕದ ಪೇಟೆಂಟನ್ನೂ ಪಡೆದರು. ಆ ಕಾಲುವೆಯಿಂದ ಎಷ್ಟು ಲಾಭ ಎಂಬ ಚರ್ಚೆ ಬೇರೆ. ಸ್ಟಾಕ್ ವರ್ಗದ ತಪಾಸಕನಿಗೆ ಆ ಚರ್ಚೆ ಬೇಕಾಗಿಯೇ ಇಲ್ಲ. ಅದು ಇಂಧನ ಉಳಿಸಲಿ, ಹೊಗೆ ತಗ್ಗಿಸಲಿ, ಆತ ಕೇಳುವುದು ಒಂದೇ: ಕಾರ್ಖಾನೆಯಿಂದ ಬಂದಾಗ ಇದು ಇತ್ತೇ? ಇರಲಿಲ್ಲ ಎಂದರೆ ಜಾಣತನವೇ ಅಪರಾಧ.

ಕಾರ್ಖಾನೆಯಿಂದ ಬಂದದ್ದೇ ಎರಡು ಥರ ಇದ್ದರೆ? ಎಸ್ಕಾರ್ಟ್ಸ್ 1983ರಿಂದ ತಯಾರಿಸಿದ ರಾಜದೂತ್ 350 ನೆನಪಿರಬಹುದು. ಜಪಾನಿನ ಮೂಲ ಆರ್‌ಡಿ 350ರ ಕಸುವನ್ನು ನಮ್ಮ ರಸ್ತೆಗೆಂದು ತಗ್ಗಿಸಿ 30.5 ಅಶ್ವಶಕ್ತಿಗೆ ತಂದರು. ಆಮೇಲೆ ಮೈಲೇಜಿಗಾಗಿ ಇನ್ನೂ ತಗ್ಗಿಸಿ 27ಕ್ಕೆ ಇಳಿಸಿದರು. ಮೊದಲನೆಯದು ಎಚ್‌ಟಿ, ಎರಡನೆಯದು ಎಲ್‌ಟಿ. ಎಲ್‌ಟಿ ಗಾಡಿಗೆ ಎಚ್‌ಟಿಯ ಸಿಲಿಂಡರ್ ಕೂರಿಸಿದವನು ‘ಎರಡೂ ಕಂಪನಿ ಫಿಟಿಂಗ್’ ಎಂದು ಎದೆ ತಟ್ಟಿ ಹೇಳಬಹುದು. ಆತ ಹೇಳುವುದು ಸುಳ್ಳಲ್ಲ. ಆದರೆ ಹಾಗೆ ಜೋಡಿಸಿದ ಗಾಡಿಯನ್ನು ಕಂಪನಿ ಎಂದೂ ಮಾರಿಲ್ಲ. ಅದಕ್ಕೇ ಒಳ್ಳೆಯ ನಿಯಮಪುಸ್ತಕ ‘ಕಂಪನಿಯ ಭಾಗ’ ಎಂದು ನಿಲ್ಲಿಸದೆ ‘ಆ ಮಾದರಿಗೆ, ಆ ವರ್ಷಕ್ಕೆ ಸೇರಿದ ಭಾಗ’ ಎನ್ನುತ್ತದೆ.

ಕಂಪನಿಗಳೂ ಈ ಆಟದಲ್ಲಿ ಸಾಧುಗಳಲ್ಲ. 1988ರಲ್ಲಿ ವಿಶ್ವ ಸೂಪರ್‌ಬೈಕ್ ಚಾಂಪಿಯನ್‌ಷಿಪ್ ಶುರುವಾದ ಮೇಲೆ ರೇಸ್ ಗೆಲ್ಲುವುದಕ್ಕೆಂದೇ ಬೈಕು ತಯಾರಿಸಿ, ಮಾನ್ಯತೆ ಸಿಗುವಷ್ಟನ್ನು ಜನರಿಗೆ ಮಾರುವ ಪದ್ಧತಿ ಬೆಳೆಯಿತು. 1999ರ ಯಮಹಾ ಆರ್‌7 ಇದರ ಪರಾಕಾಷ್ಠೆ. ತಯಾರಾದದ್ದು 500. ಕೊಂಡವನ ಕೈಗೆ ಬಂದದ್ದು 106 ಅಶ್ವಶಕ್ತಿಯ ಗಾಡಿ. ಒಳಗೆ ಎರಡನೆಯ ಸಾಲಿನ ಇಂಜೆಕ್ಟರುಗಳಿದ್ದವು, ಆದರೆ ಕೆಲಸ ಮಾಡುತ್ತಿರಲಿಲ್ಲ. ರೇಸ್ ಕಿಟ್ ಹಾಕಿದಾಗ ಎಚ್ಚರಗೊಳ್ಳುತ್ತಿದ್ದವು. ರಸ್ತೆಗಾಡಿಯಲ್ಲಿ ಆ ಭಾಗ ಇತ್ತೇ? ಇತ್ತು. ಮುಗಿಯಿತು.

2019ರಲ್ಲಿ ಡುಕಾಟಿಯದು ಇನ್ನೊಂದು ಬಗೆ. ಶೋರೂಮಿನ ಪಾನಿಗಾಲೆ ವಿ4 1103 ಸಿಸಿ. ರೇಸಿನ ಮಿತಿ 1000. ಅದಕ್ಕೆಂದೇ 998 ಸಿಸಿಯ ವಿ4 ಆರ್ ತಂದರು. ಅಲ್ವಾರೊ ಬೌಟಿಸ್ಟಾ ಮೊದಲ 11 ರೇಸುಗಳನ್ನು ಸಾಲಾಗಿ ಗೆದ್ದ. ಗಾಡಿಯಲ್ಲಿ ನಿಯಮಬಾಹಿರವಾದದ್ದು ಏನೂ ಇರಲಿಲ್ಲ. ಋತುವಿನ ನಡುವೆಯೇ ಅದರ ಇಂಜಿನ್ ವೇಗದ ಮಿತಿಯನ್ನು 250 ಆರ್‌ಪಿಎಂ ಇಳಿಸಲಾಯಿತು. ಹಾಗೆ ಸರಿದೂಗಿಸಲು ಪುಸ್ತಕದಲ್ಲೇ ಅವಕಾಶವಿತ್ತು. ಕೊನೆಗೆ ಪಟ್ಟ ಗೆದ್ದದ್ದು ಕಾವಾಸಾಕಿಯ ಜೊನಾಥನ್ ರೇ. ಗೆದ್ದವನ ಗಾಡಿ ಕಟ್ಟಿಹಾಕುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ನಿಯಮದ ಅರ್ಥ ರೇಸಿನ ಫಲಿತಾಂಶ ನೋಡಿ ಬದಲಾಗಬಾರದು.

ನಿಜವಾದ ಪರೀಕ್ಷೆ ಇಷ್ಟು ದೊಡ್ಡ ಮಟ್ಟದಲ್ಲಿ ನಡೆಯುವುದೂ ಇಲ್ಲ. ರೇಸ್ ಮುಗಿದು, ಬಿಸಿ ಆರದ ಇಂಜಿನ್ನನ್ನು ತಪಾಸಣೆಯ ಶೆಡ್ಡಿನಲ್ಲಿ ಬಿಚ್ಚಿದಾಗ ನಡೆಯುತ್ತದೆ. ಸೀಲ್ ತಂತಿ ಕತ್ತರಿಸುತ್ತಾರೆ, ವರ್ನಿಯರ್ ಬರುತ್ತದೆ, ಬ್ಯುರೆಟ್ಟಿನಿಂದ ಎಣ್ಣೆ ಬಿಟ್ಟು ದಹನಕೋಣೆ ಅಳೆಯುತ್ತಾರೆ. ಗ್ಯಾಸ್ಕೆಟ್ ತೆಳುವಾದರೆ ಕಂಪ್ರೆಷನ್ ಏರುತ್ತದೆ, ಆದ್ದರಿಂದ ಅದರ ದಪ್ಪವೂ ಲೆಕ್ಕಕ್ಕೆ. ಪೋರ್ಟಿನಲ್ಲಿ ಕಟ್ಟಿದ ಇಂಗಾಲ ಕೆರೆದದ್ದು ಸ್ವಚ್ಛತೆ; ಅದೇ ಕೈ ಇನ್ನೊಂದಿಷ್ಟು ಆಳಕ್ಕೆ ಹೋಗಿ ಅಲ್ಯುಮಿನಿಯಂ ಹೊಳೆಯತೊಡಗಿದರೆ ಪೋರ್ಟಿಂಗ್. ಎರಕದ ಒರಟು ಮೈ ಉಳಿದಿದೆಯೇ ಎಂದು ತಪಾಸಕ ಬೆರಳಾಡಿಸಿ ನೋಡುತ್ತಾನೆ. ಒಂದೇ ಅಚ್ಚಿನ ಹತ್ತು ಪಿಸ್ಟನ್ ಕೊಂಡು ತೂಗಿ ಹಗುರವಾದುದನ್ನು ಆರಿಸಿಕೊಂಡರೆ ತಪ್ಪಿಲ್ಲ. ಒಂದನ್ನೇ ಕೊಂಡು ಅರದಿಂದ ಉಜ್ಜಿ ಅಷ್ಟೇ ಹಗುರ ಮಾಡಿದರೆ ತಪ್ಪು. ಫಲ ಒಂದೇ, ಖರ್ಚು ಮಾತ್ರ ಬೇರೆ. ದುಡ್ಡಿದ್ದವನಿಗೆ ನಿಯಮ ಮೆತ್ತಗಾಗುವುದು ಇಂಥಲ್ಲಿ. ಅದಕ್ಕೇ ‘ನಿಯಮದ ಆಶಯ’ ಎಂಬ ಮಾತಿನ ಮೇಲೆ ನನಗೆ ನಂಬಿಕೆ ಕಡಿಮೆ. ಕನಿಷ್ಠ ತೂಕ ಇಷ್ಟು ಗ್ರಾಂ, ಗರಿಷ್ಠ ಬೋರ್ ಇಷ್ಟು ಎಂದು ಬರೆದುಬಿಡಲಿ. ಆರ್‌ಎಕ್ಸ್ 100ರ ತಕರಾರಿಗೂ ಪರಿಹಾರ ಅದೇ: ಸಿಸಿಯ ಬದಲು ‘50.50ರವರೆಗೆ’ ಎಂದರಾಯಿತು.

ಜಗಳವೇ ಬೇಡ ಎಂದವರು ಏಕಮಾದರಿ ರೇಸ್ ಹುಡುಕಿಕೊಂಡರು. ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ ಕಪ್ 2021ರಲ್ಲಿ ಶುರುವಾದಾಗ ಎಲ್ಲರಿಗೂ ಸಿಕ್ಕದ್ದು ಒಂದೇ ರೀತಿ ಸಿದ್ಧಪಡಿಸಿದ 650ರ ಗಾಡಿ. ಮೊದಲ ಪಟ್ಟ ಗೆದ್ದದ್ದು ಹುಬ್ಬಳ್ಳಿಯ ಅನೀಶ್ ಶೆಟ್ಟಿ. ನಮ್ಮ ಕಡೆಯ ತೆರಬಂಡಿ ಸ್ಪರ್ಧೆಯಲ್ಲೂ ಹಾಗೇ: ಬಂಡಿ ಅದೇ, ಭಾರ ಅದೇ, ಎಳೆಯುವ ಎತ್ತಿನ ಜೋಡಿ ಮಾತ್ರ ಬೇರೆ. ನ್ಯಾಯವೇನೋ ಸಿಗುತ್ತದೆ. ಆದರೆ ಮಿಸ್ತ್ರಿಗೆ ಮಾಡಲು ಕೆಲಸವಿಲ್ಲ, ಅದು ನನಗೆ ಸ್ವಲ್ಪ ಸಪ್ಪೆ.

ಇನ್ನು ಒಂದು ತಕರಾರು ಕಬ್ಬಿನ ನಾಡಿನಿಂದಲೇ ಹೊರಟಿದೆ. ಸ್ಟಾಕ್ ವರ್ಗಕ್ಕೆ ‘ಬಂಕಿನ ಪೆಟ್ರೋಲ್’ ಎಂದು ಬರೆದ ಸಾಲು ಬದಲಾಗಿಲ್ಲ, ಬಂಕಿನ ಪೆಟ್ರೋಲೇ ಬದಲಾಗಿದೆ. 2025ರ ಹೊತ್ತಿಗೆ ಅದರಲ್ಲಿ ಶೇ 20 ಎಥನಾಲ್. ಮುಧೋಳ, ಜಮಖಂಡಿ ಸುತ್ತಿನ ಸಕ್ಕರೆ ಕಾರ್ಖಾನೆಗಳ ಪಾಲೂ ಅದರಲ್ಲಿದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಎಥನಾಲಿಗೆ ಸುಮಾರು 9 ಪಟ್ಟು ಸಾಕು. ಅಂದರೆ ಹಳೆಯ ಕಾರ್ಬೊರೇಟರಿನ ಜೆಟ್ ಅಳತೆಗೆ ಮಿಶ್ರಣ ತೆಳುವಾಗುತ್ತದೆ, ಟೂ-ಸ್ಟ್ರೋಕ್ ಇಂಜಿನ್ ಕಾಯುತ್ತದೆ, ಪಿಸ್ಟನ್ ಹಿಡಿದುಕೊಳ್ಳಬಹುದು. ಜೆಟ್ ಬದಲಿಸಬಹುದು ಎಂಬ ಸಾಲು ಇದ್ದರೆ ಸರಿ. ಇಲ್ಲದಿದ್ದರೆ ಕಂಪನಿಯ ಜೆಟ್ಟಿನಲ್ಲೇ ಓಡಿಸಿ ಇಂಜಿನ್ ಸುಡಬೇಕು, ಇಲ್ಲವೇ ಬದಲಿಸಿ ಅನರ್ಹನಾಗಬೇಕು. ನನ್ನ ಕೇಳಿದರೆ ಮೇನ್ ಜೆಟ್ ಮುಕ್ತ ಮಾಡಬೇಕು, ಕಾರ್ಬೊರೇಟರಿನ ಬಾಯಿಯಳತೆ ಮಾತ್ರ ಕಂಪನಿಯದ್ದೇ ಇರಬೇಕು. ಬಾಯಿಯನ್ನು ವರ್ನಿಯರಿನಿಂದ ಎರಡು ನಿಮಿಷದಲ್ಲಿ ಅಳೆಯಬಹುದು.