ಬಿಸಿಲೂರಿನಲ್ಲಿ ತಂಪು ತರುವ ಸಾವು

ದಾವಣಗೆರೆ: ಈ ಊರಿನಲ್ಲಿ ಚಳಿಗಾಲವೆಂಬುದು ಹೆಸರಿಗಷ್ಟೆ. ಜನವರಿಯ ಮುಂಜಾನೆ ದೇವರಾಜ ಅರಸು ಬಡಾವಣೆಯಲ್ಲಿ ವಾಯುವಿಹಾರಕ್ಕೆ ಹೊರಡುವ ಹಿರಿಯರು ಮಫ್ಲರ್ ಸುತ್ತಿಕೊಂಡರೂ ಹತ್ತು ಗಂಟೆಯ ಬಿಸಿಲಿಗೆ ಅದು ಬೇಡವಾಗುತ್ತದೆ. ಇಂಥ ಊರಿನಲ್ಲಿ ಹವೆಯ ತಂಪು ಪ್ರಾಣಕ್ಕೆ ಎರವಾಗಬಹುದೆಂದರೆ ನಂಬುವವರು ವಿರಳ. ಬಿಸಿಲಿನ ಹೊಡೆತಕ್ಕೆ ಸತ್ತರೆ ಸುದ್ದಿಯಾಗುತ್ತದೆ. ತಂಪಿನ ಸಾವು ನ್ಯುಮೋನಿಯಾ ಎಂದೋ ಉಸಿರಾಟದ ತೊಂದರೆ ಎಂದೋ ದಾಖಲಾಗಿ ಮುಗಿಯುತ್ತದೆ.

ಭಾರತದ ಹವೆ ಮತ್ತು ಸಾವುಗಳ ಸಂಬಂಧ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಂಬಿಕೆಯನ್ನು ತಲೆಕೆಳಗು ಮಾಡಿತು. 2001ರಿಂದ 2013ರವರೆಗೆ ದೇಶದಾದ್ಯಂತ ಮನೆಮನೆಗಳಿಂದ ಸಂಗ್ರಹಿಸಿದ ಸಾವಿನ ವಿವರಗಳನ್ನು ಆಯಾ ದಿನದ ಉಷ್ಣಾಂಶದೊಡನೆ ಹೋಲಿಸಿ ನೋಡಲಾಯಿತು. ತೀವ್ರ ಚಳಿ, ತೀವ್ರ ಸೆಕೆಗಳಿಗಿಂತ 13.8ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗಿನ 'ಸಾಧಾರಣ ತಂಪು' ಹೆಚ್ಚು ಸಾವುಗಳಿಗೆ ಕಾರಣವೆಂದು ಕಂಡುಬಂತು. ಶ್ವಾಸಕೋಶದ ಕಾಯಿಲೆಗಳಷ್ಟೇ ಅಲ್ಲದೆ ಹೃದಯಾಘಾತ, ಪಾರ್ಶ್ವವಾಯುಗಳೂ ಈ ಲೆಕ್ಕದಲ್ಲಿದ್ದವು. ಕಡುಬೇಸಿಗೆಯನ್ನು ಬಿಟ್ಟರೆ ದಾವಣಗೆರೆ, ಹರಿಹರಗಳ ದಿನದ ಸರಾಸರಿ ಉಷ್ಣಾಂಶ ಬಹುತೇಕ ಇದೇ ಮಿತಿಯೊಳಗಿರುತ್ತದೆ. ನಾವು ಹಿತವೆನ್ನುವ ಹವೆಯೇ ಅದು. ಒಂದೊಂದು ದಿನದ ಅಪಾಯ ಅಲ್ಪವೇ. ಆದರೆ ಅಂಥ ದಿನಗಳು ಹೆಚ್ಚಾದ್ದರಿಂದ ಒಟ್ಟು ಲೆಕ್ಕ ದೊಡ್ಡದಾಗುತ್ತದೆ.

ಇದಕ್ಕೆ ಕಾರಣ ಮೂಗಿನಲ್ಲೇ ಆರಂಭವಾಗುತ್ತದೆ. ತಂಪು ಗಾಳಿ ಒಳಹೊಕ್ಕಾಗ ಮೂಗಿನ ಒಳಪೊರೆಯ ರಕ್ತನಾಳಗಳು ಕುಗ್ಗುತ್ತವೆ. ಲೋಳೆಯೊಡನೆ ರೋಗಾಣುಗಳನ್ನು ಹೊರದೂಡುವ ಸೂಕ್ಷ್ಮ ರೋಮಗಳ ಚಲನೆ ನಿಧಾನವಾಗುತ್ತದೆ. ನೆಗಡಿಯ ವೈರಾಣುವಿನ ವಿರುದ್ಧ ದೇಹದ ಜೀವಕೋಶಗಳು ತೋರುವ ಪ್ರತಿರೋಧ 37 ಡಿಗ್ರಿಯಲ್ಲಿರುವಷ್ಟು 33 ಡಿಗ್ರಿಯಲ್ಲಿ ಇರುವುದಿಲ್ಲವೆಂದು 2015ರಲ್ಲಿ ಇಲಿಗಳ ಕೋಶಗಳಲ್ಲಿ ತೋರಿಸಲಾಗಿದೆ. ವಯಸ್ಸಾದವರಲ್ಲಿ, ದಮ್ಮು ಇಲ್ಲವೇ ಮಧುಮೇಹ ಇರುವವರಲ್ಲಿ ಸಾಮಾನ್ಯ ನೆಗಡಿ ನ್ಯುಮೋನಿಯಾಕ್ಕೆ ತಿರುಗುವುದು ಹೀಗೆ. ಬಿಸಿಲಿನ ಪರಿಣಾಮ ಒಂದೆರಡು ದಿನಗಳಲ್ಲೇ ಕಾಣಿಸಿಕೊಂಡರೆ ತಂಪಿನದು ಎರಡು ಮೂರು ವಾರ ಎಳೆಯುತ್ತದೆ. ಆ ವೇಳೆಗೆ ಹವೆ ಬದಲಾಗಿ, ತಂಪಿನ ನೆನಪೂ ಉಳಿದಿರುವುದಿಲ್ಲ.

ಹಾಗಾದರೆ ಸೆಕೆ ಸೋಂಕನ್ನು ಕೊಲ್ಲುವುದೇ? ಅಮೆರಿಕದ ಸಂಶೋಧಕರು 2007 ಮತ್ತು 2008ರಲ್ಲಿ ಗಿನಿ ಹಂದಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ 5 ಡಿಗ್ರಿಯಲ್ಲಿ ಸುಲಭವಾಗಿ ಹರಡಿದ ಫ್ಲೂ, 30 ಡಿಗ್ರಿಯಲ್ಲಿ ಗಾಳಿಯ ಮೂಲಕ ಹರಡಲಿಲ್ಲ. ಆದರೆ ಒಂದೇ ಗೂಡಿನಲ್ಲಿಟ್ಟ ಪ್ರಾಣಿಗಳ ನಡುವೆ ಆ ಸೆಕೆಯಲ್ಲೂ ಅದು ದಾಟಿತು. ಕೂಡಿ ಬಾಳುವ ಮನೆಗಳ ನಾಡಿಗೆ ಇದು ಗಮನಾರ್ಹ ಸಂಗತಿ. ಕೊರೊನಾದ ಎರಡನೆಯ ಅಲೆ ಆಸ್ಪತ್ರೆಗಳನ್ನು ತುಂಬಿಸಿದ್ದು 2021ರ ಏಪ್ರಿಲ್-ಮೇ ತಿಂಗಳ ಬಿರುಬಿಸಿಲಿನಲ್ಲೇ ಎಂಬುದನ್ನು ಮರೆಯುವಂತಿಲ್ಲ.

ಭಾರತದಲ್ಲಿ ಫ್ಲೂ ಜ್ವರ ವರ್ಷಕ್ಕೆ ಎರಡು ಬಾರಿ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಹಾಗೂ ಅದರ ಬೆನ್ನಿಗೆ ಇನ್ನೊಮ್ಮೆ. 1918ರ ಮಹಾಜ್ವರದ ಮಾರಕ ಅಲೆ ಈ ಭಾಗಕ್ಕೆ ಅಪ್ಪಳಿಸಿದ್ದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಹಿಮ ಸುರಿಯುವ ಕಾಲದಲ್ಲೇನಲ್ಲ. ಮಳೆಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ಎಲ್ಲರೂ ಒಳಗೆ ಕೂರುವುದು ಸೋಂಕಿಗೆ ಅನುಕೂಲ.

ಚಳಿಯ ಬೆಳಗಿನಲ್ಲಿ ಇನ್ನೊಂದು ತೊಡಕಿದೆ. ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇರದೆ ಹೊಗೆ, ದೂಳನ್ನು ತನ್ನಲ್ಲೇ ಹಿಡಿದಿಡುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ರಾಜ್ಯದಿಂದ ಸೇರಿದ ನಾಲ್ಕು ನಗರಗಳಲ್ಲಿ ದಾವಣಗೆರೆಯೂ ಒಂದು. ಹಿರಿಯರು ವಾಯುವಿಹಾರವನ್ನು ಬಿಡಬೇಕಿಲ್ಲ, ಬಿಸಿಲೇರಿದ ಮೇಲೆ ಹೊರಟರೆ ಸಾಕು. ತಂಪು ಬಿದ್ದು ವಾರ ಕಳೆದ ಮೇಲೂ ಕೆಮ್ಮು ನಿಲ್ಲದೆ ಏದುಸಿರು ಬರತೊಡಗಿದರೆ, ಕಷಾಯವನ್ನೇ ನಂಬಿ ಕೂರದೆ ವೈದ್ಯರಿಗೆ ತೋರಿಸಬೇಕು. ಮಳೆಗಾಲದಲ್ಲಿ ಫ್ಲೂ ಏರುವ ಊರುಗಳಲ್ಲಿ ಲಸಿಕೆಯನ್ನು ಏಪ್ರಿಲ್-ಮೇ ತಿಂಗಳಲ್ಲೇ ಹಾಕಿಸಿಕೊಳ್ಳುವುದು ಸೂಕ್ತವೆಂಬುದು ಸಂಶೋಧಕರ ಸಲಹೆ. ಅದು ಫಲ ಕೊಡಲು ಸುಮಾರು ಎರಡು ವಾರ ಬೇಕು.