ಚೀನಾದ ಜೇಡ್ ಪಾತ್ರೆಗಳಲ್ಲಿ ಮೊಘಲ್ ಪ್ರಭಾವ: ಸ್ವೀಕಾರ ಮತ್ತು ಮರುಸೃಷ್ಟಿ

ಒಂದು ಆಶಯವು ತನ್ನ ನೆಲೆಯಿಂದ ಮತ್ತೊಂದು ಸಂಸ್ಕೃತಿಗೆ ವಲಸೆ ಹೋದಾಗ ಅದು ಯಥಾವತ್ತಾಗಿ ಉಳಿಯುವುದಿಲ್ಲ. ಸ್ವೀಕರಿಸುವ ಸಮಾಜದ ಅಭಿರುಚಿಗೆ ಅನುಗುಣವಾಗಿ ಮರುಹುಟ್ಟು ಪಡೆಯುತ್ತದೆ. ಜಾನಪದ ಅಧ್ಯಯನಕ್ಕೆ ಪರಿಚಿತವಾದ ಈ ತತ್ತ್ವಕ್ಕೆ ಹದಿನೆಂಟನೆಯ ಶತಮಾನದ ಚೀನಾದ ಜೇಡ್ ಪಾತ್ರೆಗಳು ಉತ್ತಮ ನಿದರ್ಶನಗಳಾಗಿವೆ.

ಜೇಡ್ ಶಿಲೆಯನ್ನು ಉಳಿಯಿಂದ ಕೆತ್ತಲಾಗದು. ಗಡುಸಾದ ಹರಳಿನ ಪುಡಿಯನ್ನು ನೀರಿನೊಡನೆ ಬೆರೆಸಿ, ಉಜ್ಜಿ ಸವೆಸಿಯೇ ಅದಕ್ಕೆ ಆಕಾರ ಕೊಡಬೇಕು. ಮಧ್ಯ ಏಷ್ಯಾದ ಖೋತಾನ್ ಪ್ರದೇಶದ ನದಿಗಳಲ್ಲಿ ದೊರೆಯುತ್ತಿದ್ದ ಈ ಶಿಲೆಯು ಚೀನಾಕ್ಕೂ ಮೊಘಲರ ಕಾರ್ಖಾನೆಗಳಿಗೂ ಸಾಗುತ್ತಿತ್ತು. ಶಿಲೆಯ ಮೂಲ ಒಂದೇ ಆದರೂ ಕೆಲಸದ ಪರಂಪರೆಗಳು ಎರಡು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ, ಶಹಜಹಾನನಿಗಾಗಿ 1657ರಲ್ಲಿ ಸಿದ್ಧಗೊಂಡ ಬಿಳಿ ಜೇಡ್ ಪಾನಪಾತ್ರೆಯು ಮೊಘಲ್ ಶೈಲಿಯ ಪರಾಕಾಷ್ಠೆ. ಸೋರೆಯ ಆಕಾರದ ಒಡಲು, ಕಮಲದ ಪೀಠ, ಅಕ್ಯಾಂಥಸ್ ಎಲೆಗಳು, ಆಡಿನ ತಲೆಯ ಹಿಡಿ ಇವೆಲ್ಲವೂ ಒಂದೇ ಶಿಲೆಯಲ್ಲಿ ಮೂಡಿವೆ.

1759ರ ವೇಳೆಗೆ ಚಿಯಾನ್‌ಲಾಂಗ್ ಸಾಮ್ರಾಟನ ಸೈನ್ಯವು ಇಂದಿನ ಶಿನ್‌ಜಿಯಾಂಗ್ ಪ್ರದೇಶವನ್ನು ವಶಪಡಿಸಿಕೊಂಡಿತು. ತರುವಾಯ ಖೋತಾನಿನ ಶಿಲೆಯ ಜೊತೆಗೆ ಮೊಘಲ್ ಪಾತ್ರೆಗಳೂ ಕಾಣಿಕೆಯ ರೂಪದಲ್ಲಿ ಬೀಜಿಂಗ್ ತಲುಪತೊಡಗಿದವು. ಸಾಮ್ರಾಟನು ಇವುಗಳನ್ನು 'ಹಿಂದೂಸ್ತಾನದ ಜೇಡ್' ಎಂದು ಕರೆದನು; ಆ ನಾಡು ಎಲ್ಲಿದೆಯೆಂದು ನಿರ್ಧರಿಸಲು 1768ರಲ್ಲಿ ಲೇಖನವನ್ನೇ ರಚಿಸಿದನು. ತನ್ನ ನಾಡಿನ ವ್ಯಾಪಾರಿ ಶಿಲ್ಪಶಾಲೆಗಳ ಅತಿಯಾದ ಕೆತ್ತನೆಯನ್ನು ಖಂಡಿಸುತ್ತಿದ್ದ ಆತನಿಗೆ ಮೊಘಲ್ ಪಾತ್ರೆಗಳ ತೆಳುವು ಮತ್ತು ನಯ ಆದರ್ಶವಾಗಿ ಕಂಡವು.

ಆಸ್ಥಾನದ ಕುಶಲಕರ್ಮಿಗಳು ತೆಳುವಾದ ಒಡಲು, ಹೂವಿನಾಕಾರದ ಪೀಠ, ಮೊಗ್ಗಿನಂತಹ ಹಿಡಿಗಳನ್ನು ಸ್ವೀಕರಿಸಿದರು. ಚಿನ್ನ ಮತ್ತು ಕೆಂಪು ಹರಳುಗಳ ಜಡಾವು ಕೆಲಸವನ್ನೂ ಕೆಲವು ಪಾತ್ರೆಗಳಲ್ಲಿ ಅನುಸರಿಸಿದರು. ಆದರೆ ಪಾತ್ರೆಯ ಮೇಲೆ ಸಾಮ್ರಾಟನ ಕವಿತೆಯನ್ನು ಕೊರೆಯುವುದು ಶುದ್ಧಾಂಗವಾಗಿ ಚೀನಾದ ಸಂಪ್ರದಾಯ. ಆಮದಾದ ಮೊಘಲ್ ಪಾತ್ರೆಗಳ ಮೇಲೂ ಇಂತಹ ಕವಿತೆಗಳಿವೆ. ಬಳಕೆಯ ಪಾತ್ರೆಯೊಂದು ಹೀಗೆ ಓದುವ ಪಠ್ಯವಾಗಿ ಮಾರ್ಪಟ್ಟಿತು.

ಇಲ್ಲಿ ಸಂಶೋಧಕರು ಎಚ್ಚರ ವಹಿಸಬೇಕಾದ ಅಂಶವೊಂದಿದೆ. ಚೀನಾದ ಆಸ್ಥಾನವು 'ಹಿಂದೂಸ್ತಾನ' ಎಂದು ಗುರುತಿಸಿದ ಪಾತ್ರೆಗಳಲ್ಲಿ ಆಟೋಮನ್ ತುರ್ಕಿ ಹಾಗೂ ಮಧ್ಯ ಏಷ್ಯಾದ ಕೃತಿಗಳೂ ಸೇರಿವೆ. ಆದುದರಿಂದ ಬರಹವೊಂದನ್ನೇ ಆಧರಿಸಿ ಮೂಲವನ್ನು ನಿರ್ಣಯಿಸುವುದು ಸಾಧುವಲ್ಲ. ಬರಹವು ಒಡೆಯನ ತಿಳುವಳಿಕೆಯನ್ನು ಹೇಳುತ್ತದೆ. ಒಡಲಿನ ದಪ್ಪ, ಸವೆತದ ಗುರುತು, ಎಲೆಯ ಬಾಗುಗಳು ಹೆಸರು ಉಳಿಯದ ಕುಶಲಕರ್ಮಿಯ ಪರಂಪರೆಯನ್ನು ಹೇಳುತ್ತವೆ. ಇವೆರಡನ್ನೂ ಒಟ್ಟಿಗೆ ಪರಿಶೀಲಿಸಿದಾಗ ಮಾತ್ರ ಪ್ರಭಾವದ ನಿಜಸ್ವರೂಪ ಸ್ಪಷ್ಟವಾಗುತ್ತದೆ.